ಎರಡು ಹಲಗೆ, ಒಂದು ದೀಪ

ಅಗಸೆ ಎಣ್ಣೆಗೆ ಟರ್ಪಂಟೈನ್ ಬೆರೆಸಿದಾಗ ಏಳುವ ಒಂದು ವಾಸನೆ ಇದೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಇನ್‌ಸ್ಪೆಕ್ಟರರ ಪಾಲಿಗೆ ಅದು ಸೋದರಮಾವನ ಅಂಗಿಯ ವಾಸನೆ. ಮಾವ ಬಾಗಿಲು, ಬೀರುಗಳಿಗೆ ಪಾಲಿಶ್ ಹಾಕುತ್ತಿದ್ದರು. ರಜೆಗೆ ಹೋದ ಹುಡುಗನನ್ನು ಅವರು ಒಮ್ಮೆ ಎತ್ತಿಕೊಂಡರೆ ಸಾಕು, ಸೋಪು ಹಚ್ಚಿ ತಿಕ್ಕಿದರೂ ಆ ವಾಸನೆ ಮೈ ಬಿಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬೋಟ್ ಯಾರ್ಡಿನ ಮ್ಯಾನೇಜರ್ ಠಾಣೆಯೊಳಗೆ ಬಂದಾಗ, ಅವರು ಬಾಯಿ ತೆರೆಯುವ ಮೊದಲೇ ಆ ವಾಸನೆ ಬಂದು ಮೇಜಿನ ಮುಂದೆ ಕೂತಿತ್ತು.

ರಾತ್ರಿ ಪಾಳಿ ಮುಗಿದರೂ ಇನ್‌ಸ್ಪೆಕ್ಟರ್ ಇನ್ನೂ ಮನೆಗೆ ಹೋಗಿರಲಿಲ್ಲ. ಕಣ್ಣುಜ್ಜಿಕೊಂಡು ಕುರ್ಚಿ ತೋರಿಸಿದರು.

"ಏನು ಹೋಗಿದೆ?"

"ಎರಡು ಹಲಗೆ, ಒಂದು ದೀಪ ಸಾರ್."

ಬರೆಯಲು ಕೂತ ದಫೇದಾರರು ಪೆನ್ನು ಕೆಳಗಿಟ್ಟರು. "ಹಲಗೆಗೆ ಕಂಪ್ಲೇಂಟಾ ಸ್ವಾಮಿ? ಯಾರೋ ಒಲೆಗೆ ಹಾಕ್ಕೊಂಡಿರ್ತಾರೆ ಬಿಡಿ."

"ಒಲೆಗೆ ಹಾಕೋ ಮರ ಅಲ್ಲ ಅದು. ಬೋಟಿನ ಧಣಿಗಳು ಕೇಳಿದ್ರೆ ನನ್ನನ್ನೇ ಒಲೆಗೆ ಹಾಕ್ತಾರೆ."

ವಿಷಯ ಇಷ್ಟು. ಮೂವತ್ತು ವರ್ಷ ಹಳೆಯ ವಿಹಾರದ ಮೋಟಾರ್ ಯಾಟ್ ಒಂದು ರಿಪೇರಿಗೆ ದಡ ಹತ್ತಿತ್ತು. ಒಳಗಿನ ತೇಗದ ಹಲಗೆಗಳನ್ನೆಲ್ಲ ಬಿಚ್ಚಿ, ಉಜ್ಜಿ, ಪಾಲಿಶ್ ಹಾಕಿ ಮತ್ತೆ ಕೂರಿಸಬೇಕು. ಹಳೆಯ ಹಿತ್ತಾಳೆ ದೀಪಗಳನ್ನು ತೆಗೆದು ಹೊಸ ಎಲ್‌ಇಡಿ ಹಾಕಬೇಕು. ಮಲಗುವ ಕೋಣೆಯಲ್ಲಿ ಹಾಸಿಗೆಯ ಪಕ್ಕಕ್ಕಿದ್ದ ಎರಡು ಹಲಗೆ ಮತ್ತು ಅವುಗಳ ಮೇಲಿನ ದೀಪ ಕಾಣೆಯಾಗಿದ್ದವು. ಶನಿವಾರ ಆ ಕೋಣೆಯ ಬೀಗದ ಕೈ ಇದ್ದದ್ದು ವೈರಿಂಗ್ ಮಾಡುವವನ ಹತ್ತಿರ.

"ಅವನದೇ ಕೆಲಸ. ಹೆಸರು ಬರ್ಕೊಳ್ಳಿ ಸಾರ್. ಅವನ ಪಾಸು ಇವತ್ತೇ ರದ್ದು ಮಾಡ್ಬೇಕು."

ಪಾಸು ರದ್ದಾದರೆ ಆ ದಡದ ಒಂದು ಯಾರ್ಡಿನ ಗೇಟೂ ಅವನಿಗೆ ತೆರೆಯುವುದಿಲ್ಲ ಎಂಬುದು ಇನ್‌ಸ್ಪೆಕ್ಟರರಿಗೆ ಗೊತ್ತಿತ್ತು. "ಎಫ್‌ಐಆರ್‌ನಲ್ಲಿ ಅಪರಿಚಿತರು ಅಂತ ಹಾಕ್ರಿ," ಎಂದರು ದಫೇದಾರರಿಗೆ. "ಹೆಸರು ಸೇರಿಸೋದು ಸುಲಭ, ತೆಗೆಯೋದೇ ಕಷ್ಟ." ಮ್ಯಾನೇಜರ್ ಕಡೆ ತಿರುಗಿ, "ಪಾಸಿನ ವಿಷಯ ನಾಳೆ ಸಂಜೆವರೆಗೆ ಮುಟ್ಟಬೇಡಿ," ಎಂದರು. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡೇ ಒಪ್ಪಿದರು.

ಹನ್ನೊಂದೂಕಾಲಿಗೆ ಪಂಚನಾಮೆ ಶುರುವಾಯಿತು. ಯಾಟ್ ದಪ್ಪ ದಿಮ್ಮಿಗಳ ಮೇಲೆ ಎರಡಾಳೆತ್ತರಕ್ಕೆ ನಿಂತಿತ್ತು. ಅದಕ್ಕೆ ಒರಗಿಸಿದ್ದ ಏಣಿಯನ್ನು ನೋಡಿಯೇ ಇನ್‌ಸ್ಪೆಕ್ಟರರ ಮಂಡಿ ಬೇಡ ಎಂದಿತು. ಮೇಲಿದ್ದ ಬಡಗಿ ಕೈ ಚಾಚಿ ಅವರನ್ನು ಎಳೆದುಕೊಂಡ.

ಒಳಗೆ ಅರ್ಧ ಮನೆ ಕಟ್ಟಿದಂತೆ, ಅರ್ಧ ಕೆಡವಿದಂತೆ ಇತ್ತು. ಹಲಗೆ ಬಿಚ್ಚಿದ ಕಡೆ ಪಕ್ಕೆಲುಬಿನಂಥ ಚೌಕಟ್ಟು ಕಾಣುತ್ತಿತ್ತು. ಸೂರಿನಿಂದ ವೈರುಗಳು ಜೋತು ಬಿದ್ದಿದ್ದವು. ನಡುಕೋಣೆಯಲ್ಲಿ ಹಾಕಿ ಮುಗಿಸಿದ್ದ ಹೊಸ ದೀಪದ ಪಟ್ಟಿ ಆಸ್ಪತ್ರೆಯ ಹಾಗೆ ಬೆಳ್ಳಗೆ ಉರಿಯುತ್ತಿತ್ತು.

ಮಲಗುವ ಕೋಣೆಯಲ್ಲಿ ಇಬ್ಬರು ಪಂಚರು ನಿಲ್ಲುವಷ್ಟೂ ಜಾಗವಿರಲಿಲ್ಲ. ಒಬ್ಬರು ಹಾಸಿಗೆಯ ಮಂಚದ ಮೇಲೆ ಕೂತರು. ದಫೇದಾರರು ಅಳತೆ ಬರೆದುಕೊಳ್ಳುತ್ತ ಬಂದಂತೆ ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಖಾಲಿ ಚೌಕಟ್ಟನ್ನು ನೋಡುತ್ತಿದ್ದರು. ಹಲಗೆ ಇರಲಿಲ್ಲ, ಆದರೆ ಅದನ್ನು ಹಿಡಿದಿದ್ದ ಹಿತ್ತಾಳೆಯ ಸ್ಕ್ರೂಗಳು ಇದ್ದವು. ಒಂದೊಂದೂ ತನ್ನ ತೂತಿಗೇ ವಾಪಸ್ ಹೋಗಿ ಕೂತಿತ್ತು. ಅಷ್ಟೇ ಅಲ್ಲ, ಸ್ಕ್ರೂ ತಲೆಯ ಮೇಲಿನ ಗೀರುಗಳೆಲ್ಲ ಕವಾಯತಿಗೆ ನಿಂತ ಪೇದೆಗಳಂತೆ ನೆಟ್ಟಗೆ, ಮೇಲಿನಿಂದ ಕೆಳಕ್ಕೆ.

ಮಾವನ ದನಿ ಕಿವಿಯಲ್ಲಿ ಕೇಳಿದಂತಾಯಿತು. 'ಗೀರು ಅಡ್ಡಾದಿಡ್ಡಿ ಇದ್ರೆ ಅದರೊಳಗೆ ಎಣ್ಣೆ ನಿಂತು ಕೊಳೆ ಕೂರುತ್ತೆ ಕಣೋ. ಕಣ್ಣಿಗೂ ಚುಚ್ಚುತ್ತೆ.'

"ಕಳ್ಳ ಬಿಚ್ಚಿದ ಸ್ಕ್ರೂನ ವಾಪಸ್ ಹಾಕ್ತಾನೇನ್ರೀ?" ಎಂದು ದಫೇದಾರರನ್ನು ಕೇಳಿದರು.

"ಒಳ್ಳೇ ಮನೆತನದ ಕಳ್ಳ ಇರ್ಬೇಕು ಸಾರ್."

"ವಾಪಸ್ ತಂದು ಕೂರಿಸೋ ಯೋಚನೆ ಇರೋರು ಹಾಕ್ತಾರೆ."

ವೈರಿಂಗ್‌ನವನನ್ನು ಕರೆಸಿದರು. ನಲವತ್ತರ ಆಸುಪಾಸಿನ ಗಂಡಸು. ಕೋಪದಲ್ಲೇ ಬಂದ.

"ಶನಿವಾರ ಬೀಗದ ಕೈ ನಿಮ್ಮ ಹತ್ರ ಇತ್ತಾ?"

"ಇತ್ತು. ಊಟಕ್ಕೆ ಹೋದಾಗ ಬಾಗಿಲಲ್ಲೇ ಬಿಟ್ಟು ಹೋಗಿದ್ದೆ. ನಾವೆಲ್ಲ ಒಂದೇ ತಟ್ಟೇಲಿ ಉಣ್ಣೋ ಜನ ಸಾರ್, ಬೀಗ ಯಾರಿಗೆ ಹಾಕೋಣ?"

"ದೀಪ?"

"ಬಿಚ್ಚಿ ಡಬ್ಬದಲ್ಲಿಟ್ಟಿದ್ದೆ. ಹತ್ತಿತ್ತು, ಒಂಬತ್ತಾಗಿದೆ. ಅಲ್ಲ ಸಾರ್, ಕದಿಯೋದಾದ್ರೆ ಹತ್ತೂ ಎತ್ಕೊಂಡು ಹೋಗ್ತಿರ್ಲಿಲ್ವಾ? ಒಂದೇ ಒಂದು ದೀಪಕ್ಕೆ ಮಾನ ಕಳ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಇನ್‌ಸ್ಪೆಕ್ಟರ್ ಅವನು ಕೂರಿಸಿದ್ದ ಸ್ವಿಚ್ಚುಗಳ ಹತ್ತಿರ ಹೋಗಿ ಟಾರ್ಚು ಬಿಟ್ಟರು. ಗೀರುಗಳು ಒಂದು ಪೂರ್ವಕ್ಕೆ, ಒಂದು ಉತ್ತರಕ್ಕೆ. "ಇವನ್ನು ನೆಟ್ಟಗೆ ನಿಲ್ಲಿಸೋ ಅಭ್ಯಾಸ ಇಲ್ವಾ?"

"ಬಿಗಿ ಕೂತ್ರೆ ಆಯ್ತಲ್ಲ ಸಾರ್."

"ನಿಮಗೆ?" ಎಂದು ಬಡಗಿಯನ್ನು ಕೇಳಿದರು.

ಅವನು ಕೈಯಲ್ಲಿದ್ದ ಡ್ರಿಲ್ ಎತ್ತಿ ತೋರಿಸಿದ. "ನಂದು ನಕ್ಷತ್ರದ ತಲೆ ಸ್ಕ್ರೂ. ಅದಕ್ಕೆ ನೆಟ್ಟಗೇನು, ಸೊಟ್ಟಗೇನು."

"ಹಾಗಾದ್ರೆ ಇಲ್ಲಿ ಅದನ್ನ ನೋಡ್ಕೊಂಡು ಮಾಡೋರು ಯಾರು?"

ಬಡಗಿ ಸೂರು ನೋಡಿದ. ವೈರಿಂಗ್‌ನವನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಇಬ್ಬರೂ ಸುಮ್ಮನಾದ ರೀತಿ ಇನ್‌ಸ್ಪೆಕ್ಟರರಿಗೆ ಇಷ್ಟವಾಗಲಿಲ್ಲ. ಅದು ಗೊತ್ತಿಲ್ಲದವರ ಮೌನವಲ್ಲ.

ಹಲಗೆಗಳಿಗೆ ಪಾಲಿಶ್ ಹಾಕುವ ಶೆಡ್ಡು ಯಾರ್ಡಿನ ಹಿಂಬದಿಗಿತ್ತು. ಅಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಉಪ್ಪುಕಾಗದ ಹಿಡಿದು ಹಲಗೆ ಉಜ್ಜುತ್ತಿದ್ದಳು. ಎಲ್ಲರೂ ಅವಳನ್ನು ಪಾಲಿಶಕ್ಕ ಎನ್ನುತ್ತಿದ್ದರು. ಪೊಲೀಸರನ್ನು ಕಂಡು ಎದ್ದು, ಇದ್ದ ಒಂದೇ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು.

"ಮಲಗೋ ಕೋಣೆ ಹಲಗೆ ನಿಮ್ಮ ಹತ್ರ ಬಂದಿತ್ತಾ?"

"ಇಲ್ಲ ಸಾರ್. ಆ ಕೋಣೇದು ಇನ್ನೂ ಬಂದಿಲ್ಲ."

ಅವಳು ಹಾಗೆ ಹೇಳುವಾಗ ಇನ್‌ಸ್ಪೆಕ್ಟರ್ ಶೆಡ್ಡಿನ ಬಾಗಿಲ ಕೀಲುಗಳನ್ನು ನೋಡುತ್ತಿದ್ದರು. ತುಕ್ಕು ಹಿಡಿದ ಹಳೆಯ ಕೀಲುಗಳು. ಸ್ಕ್ರೂಗಳ ಗೀರುಗಳೆಲ್ಲ ನೆಟ್ಟಗಿದ್ದವು. ಅವಳನ್ನು ಅಲ್ಲೇ ಬಿಟ್ಟು ಹೊರಗೆ ಬಂದು ದಫೇದಾರರನ್ನು ಗೇಟಿನ ಕಡೆ ಕಳಿಸಿದರು. ದಣಿದ ತಲೆಯಲ್ಲಿ ಅವಸರ ಮಾಡಬಾರದು ಎಂಬುದನ್ನು ಸರ್ವಿಸು ಅವರಿಗೆ ಕಲಿಸಿತ್ತು.

ಗೇಟಿನವನನ್ನು ವಿಚಾರಿಸಿದ ದಫೇದಾರರು ಸಂಜೆಗೆ ಸುದ್ದಿ ತಂದರು. ಪಾಲಿಶ್ ಮರ ಬಟ್ಟೆ ಸುತ್ತಿಕೊಂಡು ಹೊರಗೆ ಹೋಗುವುದು, ಬರುವುದು ಇದ್ದದ್ದೇ. ಅಕ್ಕ ಕೆಲವು ಸಲ ಮನೆಯಲ್ಲೂ ಉಜ್ಜುತ್ತಾಳೆ. ಶನಿವಾರ ಒಂದು ಕಟ್ಟು ತೆಗೆದುಕೊಂಡು ಹೋಗಿದ್ದಳು. ಗೇಟಿನವನೇ ಅದನ್ನು ಅವಳ ತಲೆಗೆ ಹೊರಿಸಿದ್ದ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್, ದಫೇದಾರರು, ಮಹಿಳಾ ಪೇದೆ ಪಂಚರೊಂದಿಗೆ ಅವಳ ಮನೆಗೆ ಹೋದರು. ಉದ್ದನೆಯ ವಠಾರದ ಕೊನೆಯ ಮನೆ. ಅವಳು ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಳು. ಇವರನ್ನು ನೋಡಿದ್ದೇ ನಲ್ಲಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು ಹೊರಗೆ ಬಂದಳು.

"ಒಳಗಿದೆ ಸಾರ್. ಎರಡೂ ಇದೆ, ದೀಪಾನೂ ಇದೆ. ನೀವು ಕೇಳಿದ್ದಕ್ಕೆಲ್ಲ ಹೂಂ ಅಂತೀನಿ. ನಮ್ಮ ಯಜಮಾನ್ರ ಮುಂದೆ ಮಾತ್ರ ಕಳವು ಅನ್ನೋ ಮಾತು ಆಡ್ಬೇಡಿ. ಬೋಟಿನ ಧಣಿಗಳು ಕೊಟ್ರು ಅಂತ ಹೇಳಿದೀನಿ."

"ಅವರಿಗೆ ಇವು ಯಾಕೆ?"

"ಅವರೇ ಮಾಡಿದ್ದು ಸಾರ್. ಆ ಬೋಟು ಕಟ್ಟಿದಾಗ ಒಳಗಿನ ಮರದ ಕೆಲಸ ಪೂರಾ ಅವರ ಕೈದು. ಸಕ್ಕರೆ ಕಾಯಿಲೇಲಿ ಎರಡೂ ಕಣ್ಣು ಹೋಯ್ತು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಕರೆದ್ರೆ ಓ ಅನ್ನಲ್ಲ, ಊಟಕ್ಕೆ ಏಳಲ್ಲ." ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಗೋಡೆ ಕಡೇನೇ ತಿರುಗೋದಾದ್ರೆ ಅಲ್ಲಿ ಏನಾದ್ರೂ ಒಂದು ಇರ್ಲಿ ಅಂತ."

"ದೀಪ?"

"ಸಂಜೆ ಹಳೇ ದೀಪ ಹಚ್ಚಿದ್ರೆ ಬಿಸಿ ಬರುತ್ತೆ ಸಾರ್. ಅದರ ಹತ್ರ ಕೈ ಎತ್ತಿದ್ರೆ ಕತ್ತಲಾಯ್ತು ಅಂತ ಅವರಿಗೆ ಗೊತ್ತಾಗುತ್ತೆ. ಹೊಸಾದ್ರಲ್ಲಿ ಬರೀ ಬೆಳಕು." ಒಮ್ಮೆ ಒಳಗೆ ಇಣುಕಿ ಹೇಳಿದಳು, "ಕೊನೇ ಪಾಲಿಶ್ ಹೊತ್ತಿಗೆ ವಾಪಸ್ ಇಟ್ಟುಬಿಡ್ತಿದ್ದೆ. ಅಷ್ಟರೊಳಗೆ ಅವರು ಎದ್ದು ಓಡಾಡ್ತಾರೆ ಅಂತ ಇತ್ತು."

ಒಳಗೆ ಮಂಚದ ಮೇಲೆ ಎತ್ತರದ ಮುದುಕರೊಬ್ಬರು ಕೂತಿದ್ದರು. ಪಕ್ಕದ ಗೋಡೆಗೆ ಬೇರೆ ಸ್ಕ್ರೂ ಹಾಕಿ ಕೂರಿಸಿದ ಎರಡು ತೇಗದ ಹಲಗೆಗಳು, ಮೇಲೆ ಹಿತ್ತಾಳೆ ದೀಪ. ಅವರ ಹೆಬ್ಬೆರಳು ಹಲಗೆಯ ಅಂಚಿನ ಮೇಲೆ ಹೋಗುತ್ತ ಬರುತ್ತ, ಒಂದೊಂದು ಸ್ಕ್ರೂ ಹತ್ತಿರ ತಡೆದು, ಗೀರನ್ನು ಮುಟ್ಟಿ ಮುಂದೆ ಸಾಗುತ್ತಿತ್ತು.

"ಬೋಟ್ ಯಾರ್ಡಿಂದ ಬಂದಿದೀವಿ," ಎಂದರು ಇನ್‌ಸ್ಪೆಕ್ಟರ್. "ಪಾಲಿಶ್ ಸರಿಯಾಗಿ ಹಿಡ್ದಿಲ್ವಂತೆ. ಇನ್ನೊಂದು ಸಲ ಹಾಕ್ಬೇಕು."

ಪಂಚನಾಮೆಯನ್ನು ಓದಿ ಹೇಳುವುದು ಪದ್ಧತಿ. ದಫೇದಾರರು ಪಂಚರನ್ನು ಜಗಲಿಗೆ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ಓದಿದರು. ಒಳಗೆ ಮಹಿಳಾ ಪೇದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಹಲಗೆ ಬಿಚ್ಚತೊಡಗಿದಳು.

"ಕೆಳಗಿನ ಮೂಲೆ ನಿಧಾನ ಮಗಾ," ಎಂದರು ಮುದುಕರು. "ಅಲ್ಲಿ ಮರದಲ್ಲಿ ಗಂಟಿದೆ, ಸೀಳುತ್ತೆ."

ಅವಳು ನಿಧಾನವಾಗಿ ಬಿಚ್ಚಿದಳು. ದೀಪ ಇಳಿಸಿ ಎರಡನೆಯ ಹಲಗೆ ಕಳಚಿದಾಗ ಹಿಂದಿನ ಸುಣ್ಣದ ಗೋಡೆ ಕಂಡಿತು. ಮುದುಕರು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅವಳನ್ನ ಎಷ್ಟು ದಿನ ಇಟ್ಕೋತೀರಿ?" ಎಂದು ಮೆಲ್ಲಗೆ ಕೇಳಿದರು.

ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದರು. ಹೆಂಗಸು ಜಗಲಿಯಲ್ಲಿದ್ದಳು, ಕೇಳಿಸಿಕೊಂಡಿರಲಿಲ್ಲ. "ನಾಳೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ," ಎಂದರು ಅವರೂ ದನಿ ತಗ್ಗಿಸಿ. "ಜಾಮೀನು ಸಿಗುತ್ತೆ."

"ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಿ."

"ಹೇಳಲ್ಲ."

ಸಂಜೆ ನಾಲ್ಕೂಮುಕ್ಕಾಲಿಗೆ ಠಾಣೆಯಲ್ಲಿ ಬಂಧನ ದಾಖಲಾಯಿತು. ವೈರಿಂಗ್‌ನವನೂ ಅಲ್ಲೇ ಇದ್ದ. ತನ್ನ ಮೇಲೆ ಏನೂ ಇಲ್ಲ ಎಂದು ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನಿನಲ್ಲಿ ಹೇಳುವುದನ್ನು ಕಿವಿಯಾರೆ ಕೇಳಿಯೇ ಹೋಗುತ್ತೇನೆ ಎಂದು ಪಟ್ಟು ಹಿಡಿದು ಕೂತಿದ್ದ. ಪಾಲಿಶಕ್ಕನನ್ನು ಕಂಡು ಎದ್ದು ನಿಂತ.

"ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ? ನನ್ನ ಪಾಸು ಹೋಗ್ತಿತ್ತು. ಎರಡು ಮಕ್ಕಳನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?"

"ನಿನ್ನೆನೇ ಹೇಳ್ಬೇಕಿತ್ತು ಕಣಪ್ಪ. ಬಾಯಿ ಬರ್ಲಿಲ್ಲ."

"ಬಾಯಿ ಬರ್ಲಿಲ್ವಂತೆ!" ಎಂದು ಅವನು ಗೋಡೆಗೆ ಹೇಳಿದ.

ದಫೇದಾರರು ಕೇಳಿದರು, "ಬಂಧನದ ವಿಷಯ ಯಾರಿಗೆ ತಿಳಿಸ್ಬೇಕಮ್ಮ? ನೆಂಟರು, ಸ್ನೇಹಿತರು, ಯಾರಾದ್ರೂ ಒಬ್ಬರ ಸಹಿ ಬೇಕು."

"ಅವರೊಬ್ರೇ ಇರೋದು ಸಾರ್. ಅವರಿಗೆ ಬೇಡ." ಅವಳು ಗೋಡೆಯ ಗಡಿಯಾರ ನೋಡಿದಳು. "ರಾತ್ರಿ ಊಟಕ್ಕೆ ಇನ್ನೂ ಏನೂ ಮಾಡಿರ್ಲಿಲ್ಲ."

ವೈರಿಂಗ್‌ನವನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದ. ಗೇಟಿನವರೆಗೂ ಹೋದ. ಅಲ್ಲಿಂದ ತಿರುಗಿ ದುಡುದುಡು ಬಂದು ಮೇಜಿನ ಮೇಲೆ ಕೈಯೂರಿದ.

"ನನ್ನ ಹೆಸರೇ ಬರ್ಕೊಳ್ಳಿ. ಸಹಿ ಹಾಕ್ತೀನಿ ಅಷ್ಟೆ. ಮಾತಾಡ್ಸಲ್ಲ ಅವರನ್ನ."

"ಸಂಬಂಧ ಏನಂತ ಬರೀಲಿ?"

"ಅಕ್ಕ ಅಂತ ಬರೀರಿ," ಎಂದು ಗದರಿದ ಹಾಗೆ ಹೇಳಿ ಪೆನ್ನು ಕಿತ್ತುಕೊಂಡ.

ಇನ್‌ಸ್ಪೆಕ್ಟರ್ ಮನೆಗೆ ಹೊರಟಾಗ ಕತ್ತಲಾಗಿತ್ತು. ನೆಟ್ಟಗೆ ಮನೆಯ ದಾರಿ ಹಿಡಿಯಬಹುದಿತ್ತು. ಕಾಲು ವಠಾರದ ಕಡೆ ಹೋಯಿತು. ಕೊನೆಯ ಮನೆಯ ಬಾಗಿಲು ತೆರೆದಿತ್ತು. ಮಂಚದ ಪಕ್ಕದ ಗೋಡೆಗೆ ಹೊಸದೊಂದು ಹೋಲ್ಡರ್ ಹಾಕಿ, ಅದಕ್ಕೆ ಹಳೆಯ ಕಾಲದ ದುಂಡು ಬಲ್ಬು ಸಿಕ್ಕಿಸಲಾಗಿತ್ತು. ಹೋಲ್ಡರಿನ ಎರಡು ಸ್ಕ್ರೂಗಳೂ ಸೊಟ್ಟಗಿದ್ದವು. ಮುದುಕರ ಅಂಗೈ ಬಲ್ಬಿನ ಹತ್ತಿರ ಎತ್ತಿ ಹಿಡಿದ ಹಾಗೇ ಇತ್ತು.

ಮಂಚದ ಪಕ್ಕ ಕೂತಿದ್ದ ವೈರಿಂಗ್‌ನವನು ತಲೆ ಎತ್ತಿ ಬಾಗಿಲಲ್ಲಿದ್ದ ಇನ್‌ಸ್ಪೆಕ್ಟರರನ್ನು ಕಂಡ.

"ಬಲ್ಬು ನಮ್ಮನೇದು ಸಾರ್," ಎಂದ ತಟ್ಟನೆ.

ಇನ್‌ಸ್ಪೆಕ್ಟರ್ ಕೈ ಆಡಿಸಿ ಕೂತಿರಲು ಹೇಳಿದರು.

"ಕತ್ತಲಾಯ್ತೇನಪ್ಪ?" ಎಂದು ಕೇಳಿದರು ಮುದುಕರು.

"ಆಯ್ತು."

ಅವನು ಮನೆಯಿಂದ ತಂದಿದ್ದ ಡಬ್ಬಿಯ ಮುಚ್ಚಳ ತೆಗೆದು ತಟ್ಟೆಗೆ ಬಡಿಸಿದ. ಬಿಸಿ ಆರಲೆಂದು ಎರಡು ಸಲ ಊದಿದ. ಆಮೇಲೆ ಮುದುಕರ ಕೈಯನ್ನು ಬಲ್ಬಿನ ಹತ್ತಿರದಿಂದ ಮೆಲ್ಲಗೆ ಇಳಿಸಿ, ಅದರ ಮೇಲೆ ತಟ್ಟೆಯನ್ನು ಇಟ್ಟ.