ಡ್ರೋನ್ ಪೆಟ್ಟಿಗೆಯಲ್ಲಿ ಸೌತೆಕಾಯಿ

ಯುದ್ಧದ ಮೂರನೆಯ ಅಕ್ಟೋಬರ್, ಹದಿನಾಲ್ಕನೆಯ ತಾರೀಕು, ಬೆಳಿಗ್ಗೆ. ಉಕ್ರೇನಿನ ಕಲಿನೋಬ್ರಿದ್ ಠಾಣೆಗೆ ಬಂದ ಸೈನಿಕನೊಬ್ಬ ಎರಡು ರಟ್ಟಿನ ಪೆಟ್ಟಿಗೆಗಳನ್ನು ಇನ್‌ಸ್ಪೆಕ್ಟರ್ ಓಸ್ತಾಪ್ ಝುರ್ಬಾ ಅವರ ಮೇಜಿನ ಮೇಲಿಟ್ಟು, ಕೂರಿ ಎನ್ನುವ ಮೊದಲೇ ಕೂತ. ಹೆಸರು ಬೊಹುನ್. ಊರಿನ ಹುಡುಗರೇ ಹೆಚ್ಚಿರುವ ಪಡೆಯ ಸರಬರಾಜು ಹವಾಲ್ದಾರ.

"ನಿಮ್ಮೂರಿನವರು ಎರಡನೇ ಕಂತಿನ ಡ್ರೋನ್ ಕಳಿಸಿದೀವಿ ಅಂದ್ರು. ತೆಗೆದು ನೋಡಿ."

ಒಳಗೆ, ಹಳೆಯ ಬಟ್ಟೆಯಲ್ಲಿ ಮಗುವನ್ನು ಸುತ್ತಿದಷ್ಟು ಜೋಪಾನವಾಗಿ ಸುತ್ತಿದ ಗಾಜಿನ ಜಾಡಿಗಳು. ಜಾಡಿಯ ತುಂಬ ಉಪ್ಪುನೀರಿನ ಸೌತೆಕಾಯಿ.

"ಎರಡೇ ಜಾಡಿ ಇತ್ತಾ?"

"ಆರಿತ್ತು ಸಾರ್. ಉಳಿದದ್ದು ಹುಡುಗರು ತಿಂದ್ರು. ಸಾಕ್ಷ್ಯ ಅಂತ ಅವಕ್ಕೇನು ಗೊತ್ತು?"

ಕಾನ್‌ಸ್ಟೆಬಲ್ ಸೊಲೋಮಿಯಾ ಕಿಸಕ್ಕನೆ ನಕ್ಕಳು. ಬೊಹುನ್ ನಗಲಿಲ್ಲ.

"ಕತ್ತಲಲ್ಲಿ ಮೈಯ ಶಾಖ ಕಾಣೋ ಡ್ರೋನು ಸಾರ್ ಅವು. ಬರ್ತವೆ ಅಂತ ನಂಬಿ ಕಾವಲಿಗೆ ಇಬ್ಬರನ್ನೇ ಹಾಕಿದ್ದೆ. ಶತ್ರು ಹತ್ತಿರ ಬಂದದ್ದು ಅವರಿಗೆ ಗೊತ್ತಾಗ್ಲೇ ಇಲ್ಲ. ಇಬ್ಬರೂ ಹೋದ್ರು."

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆಂದು ಜಾಡಿ ತೆರೆದರು.

"ಕಳ್ಳ ಆಗಿದ್ರೆ ಇಟ್ಟಿಗೆ ತುಂಬ್ತಿದ್ದ," ಎಂದರು ಝುರ್ಬಾ. "ಇವನಿಗೆ ಹುಡುಗರ ಹಸಿವಿನ ಚಿಂತೆ ಬೇರೆ."

"ಇವನಲ್ಲ ಸಾರ್, ಇವಳು. ಯಾವ ಗಂಡಸು ಇಷ್ಟು ಚೆಂದ ಸೌತೆಕಾಯಿ ಜೋಡಿಸ್ತಾನೆ?" ಸೊಲೋಮಿಯಾ ಒಂದನ್ನು ಎತ್ತಿ ಕಚ್ಚಿಯೇ ಬಿಟ್ಟಳು. ಜಾಡಿಯ ತಳದಲ್ಲಿ ಹಸಿ ದ್ರಾಕ್ಷಿಯ ಗೊಂಚಲೊಂದು ಕಂಡಿತು. ಅಗಿಯುವುದು ನಿಂತಿತು.

"ಏನಮ್ಮ?"

"ದ್ರಾಕ್ಷಿ ಹಾಕೋದು ಊರಲ್ಲಿ ಒಬ್ಬರೇ ಸಾರ್. ಶಾಲೆ ಬಿಡೋವಾಗ ನಮಗೆಲ್ಲ ಒಂದೊಂದು ಜಾಡಿ ಕೊಟ್ಟಿದ್ರು. ಭೌತಶಾಸ್ತ್ರದ ಟೀಚರ್ ನೀಲಾ ಪ್ರೊಖೋರಿವ್ನಾ."

ರುಚಿಯನ್ನು ನಂಬಿ ಬಂಧಿಸಲಾಗದು. ಪೆಟ್ಟಿಗೆ ಕಟ್ಟಿದ್ದು ಊರಿನ ಗ್ರಂಥಾಲಯದಲ್ಲಿ. ಅವರು ಅಲ್ಲಿಗೆ ಹೋದಾಗ ಹೆಂಗಸರು ಸೈನ್ಯದ ಗಾಡಿ, ಬಂದೂಕು ಮರೆಮಾಡುವ ಹಸಿರು ಬಲೆ ನೇಯುತ್ತಿದ್ದರು.

"ಪೆಟ್ಟಿಗೆ ಕಟ್ಟಿದ್ದು ಯಾರು?" ಎಂದರು ಝುರ್ಬಾ.

ಎಲ್ಲರೂ ಬಲೆಯತ್ತಲೇ ನೋಡಿದರು. ಕೊನೆಗೆ ಬಾಯಿಬಿಟ್ಟವಳು ಒದಾರ್ಕಾ. ಸೆಪ್ಟೆಂಬರಿನಲ್ಲಿ ಅವಳ ಮಗ ನಾಜರನ ಶವಪೆಟ್ಟಿಗೆ ಬಂದಾಗ ಊರಿಗೂರೇ ರಸ್ತೆಯಲ್ಲಿ ಮಂಡಿಯೂರಿತ್ತು.

"ನೀಲಾ ಒಬ್ಬಳೇ ಕಟ್ಟಿದ್ದು. ಈಗ ಕೇಳೋಕೆ ಬಂದ್ಯಾ ಓಸ್ತಾಪ್? ಆಗಸ್ಟಿನ ಸಭೇಲಿ ನನ್ನ ಮಾತು ಕೇಳ್ಬೇಕಿತ್ತು. ಗಾಯ ಆದವರನ್ನ ತರೋಕೆ ಗಾಡಿ ಕೊಡ್ಸಿ ಅಂತ ಬಡ್ಕೊಂಡೆ. ಡ್ರೋನಿಗೆ ಕೈ ಎತ್ತಿದ್ರಿ ಎಲ್ಲರೂ."

ಝುರ್ಬಾ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು. ಊರು ಕೂಡಿಸಿದ್ದ ದುಡ್ಡು ಗಾಡಿಗೆ ಸಾಲುತ್ತಿತ್ತು, ಇಲ್ಲವೇ ಎರಡು ಕಂತು ಡ್ರೋನಿಗೆ, ಎರಡಕ್ಕೂ ಅಲ್ಲ. ಒಂದು ಡ್ರೋನು ಹತ್ತು ಹುಡುಗರ ಜೀವ ಉಳಿಸುತ್ತದೆಂದು ನೀಲಾ ಲೆಕ್ಕ ಹಾಕಿ ತೋರಿಸಿದ್ದರು. ಎತ್ತಿದ ಕೈಗಳಲ್ಲಿ ಝುರ್ಬಾ ಅವರದೂ ಒಂದು.

ಮಧ್ಯಾಹ್ನ ನೀಲಾ ಅವರ ಅಂಗಳ ತಲುಪಿದಾಗ ಆಕೆ ಹಳೆಯ ಬಿಳಿ ಪಿಕಪ್ ಗಾಡಿಯೊಂದಕ್ಕೆ ಕುಂಚದಿಂದ ಹಸಿರು ಬಣ್ಣ ಬಳಿಯುತ್ತಿದ್ದರು. ಹಿಂಭಾಗಕ್ಕೆ ಸ್ಟ್ರೆಚರ್ ಕೂರಿಸಿ ಆಗಿತ್ತು.

"ಇನ್ನೊಂದು ಬಾಗಿಲು ಬಾಕಿ ಇದೆ. ಮುಗಿಸ್ಲಾ?"

"ಡ್ರೋನ್ ಎಲ್ಲಿ?"

"ಪಕ್ಕದ ಜಿಲ್ಲೆಯ ಪಡೆಗೆ ಕೊಟ್ಟೆ. ಅವರಲ್ಲಿ ಗಾಡಿ ಮಿಕ್ಕಿತ್ತು, ಡ್ರೋನ್ ಇರಲಿಲ್ಲ. ಅದಲು ಬದಲು."

"ಸಭೆಯಲ್ಲಿ ಹೇಳ್ಬಹುದಿತ್ತಲ್ಲ?"

"ಯಾವ ಬಾಯಲ್ಲಿ?" ಆಕೆ ಕುಂಚ ಕೆಳಗಿಡಲಿಲ್ಲ. "ನಾಜರ್ ಬಿದ್ದಿದ್ದಾಗ ಮೇಲೆ ಹಾರ್ತಾ ಇದ್ದದ್ದು ನಮ್ಮ ಮೊದಲ ಕಂತಿನ ಡ್ರೋನೇ. ಮೈ ಬಿಸಿ ಇರೋವರೆಗೆ ಪರದೆ ಮೇಲೆ ಬೆಳ್ಳಗೆ ಕಾಣ್ತಿದ್ದನಂತೆ. ಸಂಜೆಗೆ ಬೂದಿ ಬಣ್ಣ. ಆಮೇಲೆ ಸುತ್ತಲಿನ ಮಣ್ಣಿಗೂ ಅವನಿಗೂ ವ್ಯತ್ಯಾಸ ಕಾಣ್ಲಿಲ್ಲವಂತೆ. ಎಲ್ಲರೂ ನೋಡಿದ್ರು. ಎತ್ಕೊಂಡು ಬರೋಕೆ ಗಾಡಿ ಇರ್ಲಿಲ್ಲ."

ಸೊಲೋಮಿಯಾ ಬೇಲಿಯತ್ತ ಮುಖ ತಿರುಗಿಸಿದಳು. ಝುರ್ಬಾ ಹೇಳಲೇಬೇಕಾದದ್ದನ್ನು ಹೇಳಿದರು: ಬಾರದ ಡ್ರೋನು, ಕಾವಲಿನ ಇಬ್ಬರು.

ಕುಂಚದಿಂದ ಬಣ್ಣ ಆಕೆಯ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಅವರ ಹೆಸರು?"

"ನಾನು... ಕೇಳ್ಲಿಲ್ಲ."

"ಕೇಳ್ಬೇಕಿತ್ತು ಓಸ್ತಾಪ್," ಎಂದರು, ಮನೆಪಾಠ ಮಾಡದೆ ಬಂದ ಹುಡುಗನಿಗೆ ಹೇಳುವಂತೆ.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಇನ್ನು ಉಳಿದದ್ದು ಅಂಗಳದಿಂದ ಠಾಣೆಗೆ ತಂದಿದ್ದ ಗಾಡಿ. ಜಪ್ತಿಯಾದರೆ ಮೊಕದ್ದಮೆ ಮುಗಿಯುವವರೆಗೆ ಅದು ಠಾಣೆಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತದೆ. ನೀಲಾ ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು. ಝುರ್ಬಾ ಪೆನ್ನು ತೆಗೆದು, ಜಪ್ತಿ ಪತ್ರದ ಕೆಳಗೆ ಒಂದು ಸಾಲು ಸೇರಿಸಿದರು: ವಾಹನವನ್ನು ದೂರುದಾರರ ಸುಪರ್ದಿಗೆ ಒಪ್ಪಿಸಿದೆ.

ದೂರುದಾರ ಬೊಹುನ್ ಒಮ್ಮೆ ಓದಿ, ಇನ್ನೊಮ್ಮೆ ಓದಿದ. "ಅಂದ್ರೆ ನಾನೇ ಓಡಿಸ್ಕೊಂಡು ಹೋಗ್ಬಹುದಾ?"

"ಬಣ್ಣ ಒಣಗಿಲ್ಲ. ನಿಧಾನ ಹೋಗು."

ಅವನು ಬಾಗಿಲು ದಾಟುವಾಗ ನೀಲಾ ತಡೆದರು. "ಮಗಾ, ಆ ಇಬ್ಬರ ಹೆಸರು?"

ಬೊಹುನ್ ಆಕೆಯತ್ತ ನೋಡದೆ ಹೇಳಿದ. "ಡೆಮ್ಯಾನ್ ಕೋರ್ಜ್. ಯುಖಿಮ್ ಬಲಾಬಾನ್."

ಹೊರಗೆ ಗಾಡಿ ಹೊರಟಿತು. ನೀಲಾ ಪ್ರೊಖೋರಿವ್ನಾ ಬೆನ್ನು ನೆಟ್ಟಗೆ ಮಾಡಿಕೊಂಡು ಬೆಂಚಿನ ಮೇಲೆ ಕೂತರು. ಮೂವತ್ತು ವರ್ಷ ಹಾಜರಿ ಕರೆದ ದನಿಯಲ್ಲಿ ಮೊದಲು ನಾಜರನ ಹೆಸರು, ಆಮೇಲೆ ಆ ಎರಡು ಹೆಸರು ಕರೆದರು. ಪ್ರತಿ ಹೆಸರಿನ ನಂತರವೂ, ಉತ್ತರ ಬರಬೇಕೆಂಬಂತೆ, ಸ್ವಲ್ಪ ಹೊತ್ತು ಕಾದರು.