ಚಲೋ ಅಂದ ಮೇಲೆ

"ಎತ್ರಿ ಅದನ್ನ! ಮೊದಲ ಎತ್ರಿ!"

ಪ್ರಾಜಕ್ತಾ ಕುರ್ಚಿಯಿಂದ ಛಂಗನೆ ಎದ್ದು ನಿಂತಿದ್ದಳು. ಸೋನ್ಯಾಳದ ತಲಾಠಿ ಕಚೇರಿಯ ಮೇಜಿನ ಮೇಲೆ, ಅವಳು ಆಗಷ್ಟೇ ಮುದ್ರೆ ಒತ್ತಿದ್ದ ಹೊಲದ ದಾಖಲೆ ಸಾತಬಾರಾ ಉತಾರದ ಮೇಲೆ, ಅಂಗೈಯಗಲದ ನಾಯಿಮರಿಯೊಂದು ಕಾಲು ಅಗಲಿಸಿ ನಿಂತಿತ್ತು. ಕಾಗದ ತೋಯ್ದು, ಮುದ್ರೆಯ ನೀಲಿ ಕರಗಿ, ಯಾರದೋ ನಾಲ್ಕು ಎಕರೆಯ ತುಂಬ ಹರಡುತ್ತಿತ್ತು.

ಎದುರಿಗಿದ್ದವನು ಹೆಗಲ ಮೇಲಿನ ಕಂಬಳಿಯ ತುದಿಯಿಂದ ಮೇಜು ಒರೆಸತೊಡಗಿದ.

"ತಪ್ಪಾತ್ರಿ ಬಾಯಿ. ಸಹಿ ಮಾಡಾಕ ಕೈ ಬೇಕಾಗಿತ್ತು, ಅದಕ್ಕ ಮ್ಯಾಲಿಟ್ಟೆ."

"ಇದು ಸರಕಾರಿ ಆಫೀಸ್ರಿ! ಕುರಿ ದಡ್ಡಿ ಅಲ್ಲ!"

"ದಡ್ಡ್ಯಾಗ ಇದು ಒಮ್ಮಿನೂ ಹೊಯ್ದಿಲ್ರಿ," ಎಂದ ಅವನು ಸಾವಧಾನವಾಗಿ.

ಬಾಗಿಲ ಬಳಿ ಸರದಿ ಕಾಯುತ್ತಿದ್ದ ಭರಮಣ್ಣ ಮುದುಕ ಕೇಕೆ ಹಾಕಿ ನಕ್ಕ. "ಬಾಯಿ, ಆ ಹೊಲ ಅದರ ಹೆಸರಿಗೇ ಹಚ್ಚಿ ಬಿಡ್ರಿ! ಗಡಿ ಗುರ್ತ ಮಾಡೇತಿ!"

ಎಲ್ಲರೂ ನಕ್ಕರು. ಪ್ರಾಜಕ್ತಾ ನಗಲಿಲ್ಲ. ಆದರೆ ಮರಿ ತೂರಾಡುತ್ತ ಬಂದು ಅವಳ ಬೆರಳ ತುದಿಯನ್ನು ಚೀಪತೊಡಗಿದಾಗ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಇದರ ತಾಯಿ ಎಲ್ಲಿ?"

"ಐದ ದಿನ ಆತ್ರಿ, ಟ್ರಕ್ಕಿಗಿ ಸಿಕ್ಕ ಸತ್ತೋತು. ಉಳದ ಕುನ್ನಿ ಒಬ್ಬೊಬ್ರು ಒಯ್ದ್ರು. ಇದೊಂದ ಉಳದೈತಿ. ಯಾರ ಕೇಳ್ತಾರ ಅವರಿಗಿ ಕೊಡಾಂವ."

"ನಾ ಕೇಳಿದ್ರ?"

ಆಡಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮಿರಜಿನಿಂದ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಸಂಜೆ ಬೀಗ ತೆಗೆದರೆ ಒಳಗಿನಿಂದ ಬರುತ್ತಿದ್ದದ್ದು ಮುಚ್ಚಿದ ಕೋಣೆಯ ಬಿಸಿ ಗಾಳಿ ಮಾತ್ರ. ಅದೇ ಕಾರಣವಿರಬೇಕು... ಇಲ್ಲವೇ ಆ ಸಾವಧಾನದ ದನಿಯೇ?

ಅವನ ಹೆಸರು ಸೋಮಲಿಂಗ. ಮಾಡಗ್ಯಾಳದವನು, ಕುರಿ ಕಾಯುವವನು. ಮರಿಗೆ ಹೆಸರಿಡುವ ಕಷ್ಟ ಅವಳಿಗೆ ಬೀಳಲಿಲ್ಲ. ಸಾತಬಾರಾದ ಮೇಲೆ ಹೊಯ್ದದ್ದಕ್ಕೆ ಊರೇ ಅದನ್ನು 'ಬಾರಾ' ಎಂದಿತು.

*

ಬಾರಾ ಒಂದು ವಾರದಲ್ಲಿ ಇಡೀ ಕೋಣೆಯನ್ನು ತನ್ನ ಹೆಸರಿಗೆ ಹಚ್ಚಿಕೊಂಡಿತು.

ಚಾಪೆ, ಚಪ್ಪಲಿ, ಗೋದಿಯ ಚೀಲ... ಬಿಟ್ಟದ್ದಿಲ್ಲ. ಮನೆಯೊಡತಿ ಚಂದ್ರಾಬಾಯಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು.

"ತಲಾಠಿಬಾಯಿ, ಅದಕ್ಕ ಕಲಸ್ರಿ. ಇಲ್ಲಂದ್ರ ಇಬ್ರಾಗ ಒಬ್ರು ಖೋಲಿ ಖಾಲಿ ಮಾಡ್ರಿ. ಯಾರಂತ ನೀವ ಇಬ್ರೂ ಕೂಡಿ ಠರಾವ ಮಾಡಿಕೊಳ್ರಿ."

ಕಲಿಸಲು ಹೊತ್ತೆಲ್ಲಿ? ತಲಾಠಿಯಾಗಿ ಮೂರು ಊರುಗಳ ಜಮೀನಿನ ಲೆಕ್ಕದ ಕೆಲಸ ಅವಳೊಬ್ಬಳದು. ಒಂಬತ್ತೂವರೆಗೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಮರಳುವುದು. ನಡುವೆ ತಾಲೂಕಾ ಕಚೇರಿಯಿರುವ ಜತ್ತಿನಲ್ಲಿ ಮೀಟಿಂಗು, ಹೊಲದ ಪಂಚನಾಮೆ.

ಒಂದು ದಿನ ದಾರಿಯಲ್ಲಿ ಕುರಿಗಳ ಹಿಂದೆ ಸೋಮಲಿಂಗ ಸಿಕ್ಕಾಗ ಅವಳು ಸ್ಕೂಟಿ ನಿಲ್ಲಿಸಿ ಎಲ್ಲವನ್ನೂ ಹೇಳಿಕೊಂಡಳು.

"ಸಣ್ಣ ಕೂಸ್ರಿ ಅದು. ಎರಡ ತಾಸಿಗಿ ಒಮ್ಮಿ ಹೊರಗ ಬಿಡಬೇಕು. ಹೊಯ್ದ ಜಾಗಾದ ಮಣ್ಣ ವಾಸನಿ ಹಿಡದು ಮತ್ತ ಅಲ್ಲೇ ಹೋಗ್ತೈತಿ. ನೀವು ನೆಲಕ್ಕ ಏನ ಹಾಕಿ ತೊಳಿತೀರಿ?"

"ಫಿನಾಯಿಲ್."

"ಬಿಸಿನೀರು, ಬೂದಿ ಹಾಕಿ ತೊಳೀರಿ. ಹೊರಗ ಹೋದಾಗ ಹೊಗಳ್ರಿ. ಒಳಗ ಹೋದಾಗ ಬೈಬ್ಯಾಡ್ರಿ." ಸ್ವಲ್ಪ ತಡೆದು ಅಂದ, "ಕುರಿ ನೀರಿಗಿ ನಿಮ್ಮ ಹಿತ್ತಲ ಮುಂದನ ಹೋಗ್ತಾವು. ಮಧ್ಯಾಹ್ನ ನಾ ಹೊರಗ ಬಿಡ್ತೀನಿ ತಗೋರಿ."

ಹೀಗೆ ಶುರುವಾಯಿತು.

ಹಿತ್ತಲ ಬಾಗಿಲಿಗೆ ಹೊರಚಿಲಕವಿತ್ತು. ಜೋಳ ಹಸನು ಮಾಡುತ್ತ ಅಲ್ಲಿ ಕೂತಿರುತ್ತಿದ್ದ ಚಂದ್ರಾಬಾಯಿ ಎದುರೇ ಅವನು ದಿನವೂ ಬಂದು ಬಾರಾನನ್ನು ಹೊರಗೆ ಕರೆದೊಯ್ಯುತ್ತಿದ್ದ. ಪ್ರಾಜಕ್ತಾ ಅವನನ್ನು ನೋಡುತ್ತಿದ್ದದ್ದು ಅಪರೂಪ. ಅವನು ಬಂದುಹೋದ ಗುರುತುಗಳನ್ನಷ್ಟೇ ನೋಡುತ್ತಿದ್ದಳು. ಒಣಗಿದ ನೆಲ, ತುಂಬಿಟ್ಟ ನೀರಿನ ಬಟ್ಟಲು. ಒಮ್ಮೆ ಕಿಟಕಿಯಲ್ಲಿ ಎರಡು ಸಜ್ಜೆಯ ತೆನೆ. ಒಮ್ಮೆ ಎಲೆಯಲ್ಲಿ ಕಟ್ಟಿದ ಬಾರಿಹಣ್ಣು.

ಅವಳೂ ಸುಮ್ಮನಿರಲಿಲ್ಲ. ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಅದೇ ಕಿಟಕಿಯಲ್ಲಿ ಇಡುತ್ತಿದ್ದಳು. ಸಂಜೆ ಬಟ್ಟೆ ತೊಳೆದು, ಒಣಗಿ, ಮಡಿಕೆಯಾಗಿ ಸಿಗುತ್ತಿತ್ತು. ಆ ಮಡಿಕೆಯನ್ನು ಬಿಚ್ಚದೆ ಎಷ್ಟೋ ಹೊತ್ತು ಕೈಯಲ್ಲಿ ಹಿಡಿದಿರುತ್ತಿದ್ದಳು. 'ಇದಕ್ಕ ಏನ ಹೆಸರು?' ಎಂದು ತನ್ನನ್ನೇ ಕೇಳಿಕೊಂಡು ತಾನೇ ನಾಚುತ್ತಿದ್ದಳು.

ಒಂದೇ ಒಂದು ವಿಷಯ ಮಾತ್ರ ಅವಳಿಗೆ ತಿಳಿಯಲಿಲ್ಲ.

ಬಾರಾ ಮಧ್ಯಾಹ್ನ ಒಳಗೆ ಹೊಯ್ಯುತ್ತಿರಲಿಲ್ಲ. ಸಂಜೆಯೂ ಇಲ್ಲ. ಬೆಳಿಗ್ಗೆ ಅವಳೇ ಎರಡು ಸಲ ಹೊರಗೆ ಸುತ್ತಾಡಿಸಿ ತರುತ್ತಿದ್ದಳು. ಆದರೂ ಅವಳು ಬ್ಯಾಗು ಹಾಕಿಕೊಂಡು ಬಾಗಿಲಿಗೆ ಬಂದು, "ಚಲೋ ಬಾರಾ, ಬರ್ತೀನಿ," ಎಂದದ್ದೇ ತಡ, ಅವಳ ಕಣ್ಣಲ್ಲಿ ಕಣ್ಣಿಟ್ಟು, ಬಾಲ ಅಲ್ಲಾಡಿಸುತ್ತ, ಹೊಸ್ತಿಲಲ್ಲೇ ಹೊಯ್ದುಬಿಡುತ್ತಿತ್ತು!

ಬಿಟ್ಟುಹೋಗುತ್ತಾಳೆಂಬ ಸಿಟ್ಟೇ? ಸೊಕ್ಕೇ?

ದಿನವೂ ಹಾಗೇ. ಒರೆಸುವುದು, ತಡವಾಗುವುದು, ಸಾಹೇಬರಿಂದ ಮಾತು ಕೇಳುವುದು.

*

ಅದು ತಪಾಸಣೆಯ ದಿನ. ಜತ್ತಿನಿಂದ ಸಾಹೇಬರು ಬರುವವರಿದ್ದರು. ಪ್ರಾಜಕ್ತಾ ವಾರವೆಲ್ಲ ಕೂತು ಬರೆದ ಕಾಗದಗಳನ್ನು ಹೊಸ್ತಿಲ ಬಳಿ ಇಟ್ಟು ಚಪ್ಪಲಿ ಮೆಟ್ಟಿದಳು. ಹಿಂದಿನ ಸಂಜೆ ಅವ್ವನ ಜೊತೆ ಫೋನಿನಲ್ಲಿ ಜಗಳವಾಗಿ ಮನಸ್ಸು ಮೊದಲೇ ಕೆಟ್ಟಿತ್ತು.

"ಚಲೋ ಬಾರಾ," ಎಂದಳು.

ಬಾರಾ ಕಾಗದಗಳ ಮೇಲೆ ಹೊಯ್ದಿತು.

ಅವಳ ಕೈ ಹೇಗೆ ಮೇಲೆದ್ದಿತೋ! ಹಿಡಿದ ಫೈಲಿನಿಂದ ಒಂದು... ಎರಡು... ಬಾರಾ ಕೂಗಿಕೊಳ್ಳಲಿಲ್ಲ. ನೆಲಕ್ಕೆ ಅಂಟಿಕೊಂಡು ಕಣ್ಣು ಮುಚ್ಚಿತು. ಹೊಡೆತ ಬೀಳುತ್ತಿದ್ದರೂ ಅದರ ಬಾಲದ ತುದಿ ಮಾತ್ರ ಇನ್ನೂ ಅಲ್ಲಾಡುತ್ತಿತ್ತು.

"ಹೊಡೀಬ್ಯಾಡ್ರಿ."

ಸೋಮಲಿಂಗ ಅಂಗಳದಲ್ಲಿದ್ದ. ಆ ದಿನವೇ ಅವನು ಬೇಗ ಬಂದಿದ್ದ.

ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಯೇ ಸಿಟ್ಟಾಗಿ ಹೊರಬಿತ್ತು.

"ನಿಮಗೇನ್ರಿ! ದಿನಾ ಒರಸಾಕಿ ನಾನು! ನಿಮ್ಮ ಕುನ್ನಿ ನೀವ ಒಯ್ರಿ. ಹೆಂಗೂ ಮಿರಜಿನ್ಯಾಗ ನನಗ ಹುಡುಗನ್ನ ನೋಡ್ಯಾರ. ಬ್ಯಾಸಗ್ಯಾಗ ಮದಿವಿ. ಮಾಡಿಕೊಂಡು ಹೋಗಿ ಬಿಡ್ತೀನಿ!"

ಅದು ಅರ್ಧ ಸುಳ್ಳು. ಆ ಹುಡುಗನನ್ನು ಒಲ್ಲೆನೆಂದೇ ಹಿಂದಿನ ಸಂಜೆ ಅವ್ವನೊಡನೆ ಜಗಳವಾಡಿದ್ದಳು. ಮಾತು ಬಾಯಿಂದ ಬಿದ್ದ ಮೇಲೆ ಉಸಿರು ಹಿಡಿದು ನಿಂತಳು. 'ಅನ್ನು... ಹೋಗಬ್ಯಾಡ ಅನ್ನು... ಒಮ್ಮಿ ಅನ್ನು!'

ಸೋಮಲಿಂಗ ಬಹಳ ಹೊತ್ತು ಕಾಗದಗಳನ್ನು ನೋಡಿದ. ಆಮೇಲೆ ಬಗ್ಗಿ ಬಾರಾನನ್ನು ಕಂಬಳಿಯಲ್ಲಿ ಎತ್ತಿಕೊಂಡ.

"ಚಲೋ," ಎಂದ.

ಅಷ್ಟೇ. ತಿರುಗಿ ನೋಡದೆ ಹೋದ.

*

ನೆಲ ಒಣಗಿತು.

ಬೆಳಿಗ್ಗೆ ಒರೆಸುವ ಕೆಲಸವಿಲ್ಲ. ಕಚೇರಿಗೆ ತಡವಾಗುವುದಿಲ್ಲ. ಸಂಜೆ ಬೀಗ ತೆಗೆದರೆ ಮತ್ತೆ ಅದೇ ಬಿಸಿ ಗಾಳಿ. ಕೆಲವೊಮ್ಮೆ ಪ್ರಾಜಕ್ತಾ ದೀಪ ಹಾಕುವ ಮೊದಲು ಹೊಸ್ತಿಲ ಮೇಲೆ ಅಂಗೈ ಸವರಿ ನೋಡುತ್ತಿದ್ದಳು. ಒದ್ದೆಯಿರುತ್ತಿರಲಿಲ್ಲ.

ಕುರಿಗಳು ಬೇರೆ ದಾರಿ ಹಿಡಿದವು. ಅವನ ನಂಬರು ಅವಳ ಬಳಿ ಇತ್ತು. ಎರಡು ಸಲ ಹಚ್ಚಿದಳು, ತಾಗಲಿಲ್ಲ. ಮೂರನೆಯ ಸಲ ಹಚ್ಚಲು ಧೈರ್ಯವಾಗಲಿಲ್ಲ. ಚಲೋ ಅಂದವನಿಗೆ ಇನ್ನೇನು ಹೇಳುವುದು? ನೀನು ಹೋಗುವುದೇ ಒಳ್ಳೆಯದು ಎಂದನಲ್ಲ!

ಮೂರು ತಿಂಗಳು ಹೀಗೆ ಕಳೆದವು. ಜೋಳ ಕಾಳುಕಟ್ಟಿ, ಕೊಯ್ಲಿಗೆ ಬಂತು.

ಒಂದು ಭಾನುವಾರ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಚಂದ್ರಾಬಾಯಿ ಮೊರದಿಂದ ತಲೆಯೆತ್ತದೆ ಹೇಳಿದಳು.

"ಖರೇ ಹೇಳ್ತೀನಿ, ಆ ಕುನ್ನಿ ಇಲ್ಲದ ಹಿತ್ತಲಾ ಭಣಭಣ ಅಂತೈತಿ. ಅಂವ ಅದಕ್ಕ ಎಷ್ಟ ಕಕ್ಕುಲಾತಿಲೆ ಕಲಸ್ತಿದ್ದ ಅಂತೀರಿ! ಅದು ಕುಂತ ಹೊಯ್ಯೂತನಾ ಇಂವ ಬಾಜೂಕ ಕುಂತು ಚಲೋ... ಚಲೋ... ಚಲೋ... ಅಂತ ಜೋಗುಳ ಹಾಡಿದಂಗ ಅಂತಿದ್ದ. ಬರ್ತಾ ಬರ್ತಾ ಇಂವ ಚಲೋ ಅಂದ್ರ ಸಾಕು, ಅದು ಕುಂದ್ರತಿತ್ತು!"

ಪ್ರಾಜಕ್ತಾಳ ಕೈಯಲ್ಲಿದ್ದ ಸೀರೆ ಮಣ್ಣಿಗೆ ಬಿತ್ತು.

"ಏನಂತಿದ್ದ?"

"ಚಲೋ. ಶಾಣ್ಯಾ ಅದಿ, ಚಲೋ ಮಾಡಿದಿ ಅಂತ."

ಮಿರಜಿನಲ್ಲಿ ಮನೆಯಿಂದ ಹೊರಡುವಾಗ ಎಲ್ಲರೂ 'ಹೊರಟೆ' ಎಂಬರ್ಥದಲ್ಲಿ ಅನ್ನುವ ಮಾತು, 'ಚಲೋ, ಬರ್ತೀನಿ.' ಅವಳು ಅದನ್ನು ಇಲ್ಲಿಯೂ ದಿನಾ ಅಂದಿದ್ದಳು. ಹೊಸ್ತಿಲಲ್ಲಿ ನಿಂತು, ಬಾರಾನ ಕಣ್ಣಲ್ಲಿ ಕಣ್ಣಿಟ್ಟು.

ಅದು ಸೊಕ್ಕು ಮಾಡಿರಲಿಲ್ಲ. ಅವಳು ಹೇಳಿದ್ದನ್ನೇ ಮಾಡಿತ್ತು. ಮಾಡಿ, ಹೊಗಳುತ್ತಾಳೆಂದು ಬಾಲ ಅಲ್ಲಾಡಿಸಿತ್ತು.

'ಹೇಳಿದ ಮಾತು ಕೇಳಿದ್ದಕ್ಕ ಹೊಡದೆನಲ್ಲ...'

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಸ್ಕೂಟಿಯ ಕೀಲಿ ಹುಡುಕಿದಳು.

*

ಮಾಡಗ್ಯಾಳದಲ್ಲಿ ಕೇಳಿದರೆ ಬಾಲಗಾಂವ ಅಂದರು. ಬಾಲಗಾಂವದಲ್ಲಿ ಕೇಳಿದರೆ ಜೋಳ ಕೊಯ್ದ ಒಂದು ಹೊಲದತ್ತ ಕೈ ಮಾಡಿದರು. ಗೊಬ್ಬರಕ್ಕೆಂದು ಅಲ್ಲಿ ಕುರಿ ತರುಬಿದ್ದರು.

ಸೋಮಲಿಂಗ ಕೂಳೆಗಳ ನಡುವೆ ನಿಂತಿದ್ದ. ಅವನ ಕಾಲ ಬಳಿ ಬಾರಾ. ಎಷ್ಟು ಉದ್ದ ಬೆಳೆದಿತ್ತು! ಅವಳನ್ನು ಕಂಡು ಕಿವಿ ನಿಮಿರಿಸಿತು. ಓಡಿಬರಲಿಲ್ಲ. ಮೆಲ್ಲಗೆ ಸರಿದು ಅವನ ಬೆನ್ನ ಹಿಂದೆ ನಿಂತಿತು.

"ಬರ್ರಿ," ಎಂದ ಸೋಮಲಿಂಗ. ಕಂಬಳಿ ಹಾಸಿದ. "ಕುಂದ್ರಿ. ಮದಿವಿ ಕಾರ್ಡ ತಂದೀರೇನು?"

"ಇಲ್ಲ." ಅವಳು ಕಂಬಳಿ ಬಿಟ್ಟು ಮಣ್ಣಿನ ಮೇಲೆಯೇ ಕೂತಳು. "ತಪ್ಪ ಹೇಳಾಕ ಬಂದೀನಿ. ನಿಮಗಲ್ಲ, ಮೊದಲ ಅದಕ್ಕ."

ಅವನು ಕೈಯಲ್ಲಿನ ಕೋಲು ಕೆಳಗಿಟ್ಟ.

"ನೀವು ಮಧ್ಯಾಹ್ನ ಅದಕ್ಕ ಏನಂತಿದ್ರಿ ಅಂತ ಚಂದ್ರಾಬಾಯಿ ಇವತ್ತ ಹೇಳಿದ್ರು. ನಾ ದಿನಾ ಹೊಂಡೂ ಮುಂದ ಬಾಗಲ್ದಾಗ ನಿಂತು, ಚಲೋ ಬಾರಾ..."

ಬಾರಾ ಹಿಂದಿನಿಂದ ಹೊರಬಂತು. ಕಂಬಳಿಯ ನಟ್ಟನಡುವೆ ಹೋಗಿ, ಅವಳತ್ತ ನೋಡುತ್ತಲೇ, ಕುಂತು ಹೊಯ್ದಿತು.

ಇಬ್ಬರೂ ಕಂಬಳಿಯನ್ನೇ ನೋಡಿದರು. ಸೋಮಲಿಂಗನ ಮುಖದಲ್ಲಿ ಮೆಲ್ಲಮೆಲ್ಲಗೆ ಎಲ್ಲವೂ ಅರ್ಥವಾಗುತ್ತ ಬಂತು. ಪ್ರಾಜಕ್ತಾಳಿಗೆ ನಗು ಬಂತು. ನಗುತ್ತ ನಗುತ್ತಲೇ ಅತ್ತಳು.

"ಅಯ್ಯ... ಇದ ಏನ್ರಿ!" ಎಂದ ಅವನು. "ಹಂಗಾರ ತಪ್ಪ ನಂದೂ ಐತಿ. ಒಂದ ಮಾತ ನಿಮಗ ತಿಳಿಸಬೇಕಾಗಿತ್ತು."

"ನಾವು ಕೂಡಿ ಮಾತಾಡಿದ್ದ ಯಾವಾಗ? ಬರೇ ಕಿಟಕ್ಯಾಗ ರೊಟ್ಟಿ ಇಟ್ಟೆ."

ಅವನು ತಲೆ ತಗ್ಗಿಸಿದ.

"ನನಗೂ ಅವತ್ತು ಅದ ಶಬ್ದ ಅಂದ್ರಿ," ಎಂದಳು ಅವಳು ಕಣ್ಣೊರೆಸಿಕೊಂಡು. "ಮಿರಜಿನ ಹುಡುಗನ್ನ ನಾ ಅದರ ಹಿಂದಿನ ದಿನಾನ ಒಲ್ಲೆ ಅಂದಿದ್ದೆ. ನೀವು ಏನಂತೀರಿ ನೋಡೂಣಂತ ಹಂಗ ಅಂದೆ. ಖೊಟ್ಟಿ ಮಾತು."

ಸೋಮಲಿಂಗ ಬಗ್ಗಿ ಒಂದು ಕೂಳೆ ಕಿತ್ತ. ದೂರದಲ್ಲಿ ಒಂದು ಕುರಿ ಕೆಮ್ಮಿತು.

"ತಲಾಠಿಬಾಯಿ ಮದಿವಿ ಆಗ್ತೀನಿ ಅಂದ್ರ ಕುರಿ ಕಾಯಾಂವ ಏನನ್ನಬೇಕ್ರಿ? ಅದಕ್ಕ ಅಂದೆ. ಬಾಯಿಲೆ ಅಂದೆ ಅಷ್ಟ. ಒಳಗ ಒಂದೀಟೂ ಚಲೋ ಇರಲಿಲ್ಲ." ದನಿ ಇಳಿಸಿದ. "ಜ್ವಾಳಾ ಬೆಳದಷ್ಟು ದಿನ ಹೋದ್ವು."

"ಹೋದ್ವು."

ಅವಳು ಬಾರಾನ ತಲೆ ಸವರಲು ಕೈಯೆತ್ತಿದಳು. ಬಾರಾ ತಟ್ಟನೆ ನೆಲಕ್ಕೆ ಅಂಟಿಕೊಂಡು ಕಣ್ಣು ಮುಚ್ಚಿತು.

ಅವಳ ಕೈ ಗಾಳಿಯಲ್ಲೇ ನಿಂತಿತು. ನಿಧಾನವಾಗಿ ಕೈ ಇಳಿಸಿ, ಅಂಗೈ ಮೇಲೆ ಮಾಡಿ, ಮಣ್ಣಿನ ಮೇಲೆ ಇಟ್ಟಳು.

"ಇದು ಇನ್ನ ನನ್ನಂತೇಕ ಬರೂದಿಲ್ಲೇನ್ರಿ?"

"ಬರ್ತೈತಿ. ಹೊತ್ತ ಹಿಡಿತೈತಿ. ಮರ್ತಿಲ್ಲ ಅದು."

"ನಾನೂ ಮರ್ಯಾಂಗಿಲ್ಲ."

ಬಿಸಿಲು ಕೂಳೆಗಳ ಮೇಲೆ ವಾಲಿತು. ಅವಳು ಕೈ ತೆಗೆಯಲಿಲ್ಲ.

"ನಾಳಿ ಹತ್ತಕ್ಕ ಆಫೀಸ ಐತಿ ನನಗ," ಎಂದಳು. "ಸಂಜೀತನಾ ಹಿಂಗ ಕುಂತ್ರ ನಡೀತೈತೇನು?"

"ಚ..." ಎಂದವನೇ ಸೋಮಲಿಂಗ ಬಾಯಿ ಮುಚ್ಚಿಕೊಂಡ. ಬಾರಾ ಆಗಲೇ ಕಿವಿ ನಿಮಿರಿಸಿತ್ತು.

"ಆ ಶಬ್ದ ಬ್ಯಾಡ್ರಿ!" ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. "ನನಗ ಬ್ಯಾರೆ ಏನರ ಅನ್ರಿ. ಅವತ್ತ ಅನಬೇಕಾಗಿದ್ದು ಅನ್ರಿ."

ಅವನು ಅವಳ ಎದುರಿಗೆ, ಮಣ್ಣಿನಲ್ಲೇ ಕೂತ. ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ.

"ಇರ್ರಿ."

"ಸಂಜೀತನಾ?"

"ಅಷ್ಟಕ್ಕ ಅಲ್ರಿ."

ಬಾರಾ ಹೊಟ್ಟೆಯ ಮೇಲೆ ಒಂದು ಗೇಣು ಮುಂದೆ ಸರಿಯಿತು. ಅವಳ ಬೆರಳುಗಳಿಗೆ ಇನ್ನೂ ಒಂದು ಮೊಳ ದೂರದಲ್ಲಿ ಗದ್ದ ಊರಿ, ಕಣ್ಣು ತೆರೆದುಕೊಂಡು ಮಲಗಿತು.

"ಇರ್ತೀನಿ," ಎಂದಳು ಪ್ರಾಜಕ್ತಾ, ಇಬ್ಬರಿಗೂ.