ಕಡಲಾಚೆಯಿಂದ ತರಬೇಕಾದ ಮಾತು

ಕಡಲೂ ಮರಳೂ ಒಂದೇ ತಾಯಿಯ ಮಕ್ಕಳಾಗಿದ್ದ ಕಾಲದಲ್ಲಿ, ಮೂಲ್ಕಿಯ ಹೊಳೆಬದಿಯಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ. ಅವಳಿಗೆ ಇಬ್ಬರು ಮೊಮ್ಮಕ್ಕಳು. ಕಡಲು ದಾಟಿ ಮರಳಿನ ರಾಜ್ಯಕ್ಕೆ ಹೋದ ಮೊಮ್ಮಗ ಒಂದು ದಿನ ಪೆಟ್ಟಿಗೆಯೊಳಗೆ ಮಲಗಿಕೊಂಡು ಬಂದ. ಅಜ್ಜಿ ಅಳಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದಳು. "ಕೊನೆಗೆ ಅವ ಎಂತ ಹೇಳಿದ ಅಂತ ನಂಗೆ ಯಾರೂ ಹೇಳ್ಲಿಲ್ಲ ಮಗಾ. ನೀನು ಹೋಗಿ ಆ ಒಂದು ಮಾತು ತಾ" ಎಂದಳು. ಮೊಮ್ಮಗಳು ಅಜ್ಜಿಯ ಅಂಗೈ ಮೇಲೆ ಕೈಯಿಟ್ಟು ಆಗಲಿ ಎಂದಳು.

ಬರೀ ಕತೆಯಾಗಿದ್ದರೆ ದಾರಿಯಲ್ಲೊಂದು ಮಾತಾಡುವ ಗಿಳಿ ಸಿಗುತ್ತಿತ್ತು. ಆ ಮೊಮ್ಮಗಳು ಯಶ್ಮಿತಾಳಿಗೆ ಸಿಕ್ಕಿದ್ದು ಕತಾರಿನ ದೋಹಾದ ಅಲ್ ಮನ್ಸೂರಾದಲ್ಲಿ ನಾಲ್ವರು ಹೆಂಗಸರು ಹಂಚಿಕೊಂಡ ಒಂದು ಕೋಣೆ, ಮತ್ತು ಪ್ರವಾಸಿಗಳಿಗೆ ಹಳೆಯ ಕೋಟೆಗಳನ್ನು ತೋರಿಸುವ ಕೆಲಸ. ಕತೆ ಹೇಳುವುದು ಅವಳಿಗೆ ಅಜ್ಜಿಯಿಂದ ಬಂದ ವಿದ್ಯೆ. ಮುತ್ತು ಹೆಕ್ಕುವವರ ಕತೆ, ಒಂಟೆ ಕದ್ದವರ ಕತೆ ಎಂದು ಶುರುಮಾಡಿದರೆ ಕಾರಿನ ಹಿಂದಿನ ಸೀಟಿನ ಮಕ್ಕಳೂ ಫೋನು ಕೆಳಗಿಡುತ್ತಿದ್ದವು. ಅವಳು ಕಾಯುತ್ತಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ.

ಅಣ್ಣ ಶರಣ್ ಸೆಂಟ್ರಿಂಗ್ ಕೆಲಸದವನು, ಕಾಂಕ್ರೀಟಿಗೆ ಹಲಗೆ ಕಟ್ಟುವವನು. ಬೇಸಿಗೆಯಲ್ಲಿ ನಡುಹಗಲು ಬಯಲಿನಲ್ಲಿ ಯಾರನ್ನೂ ದುಡಿಸಬಾರದೆಂದು ಇಲ್ಲಿ ಕಾನೂನಿದೆ. ಆ ಹೊತ್ತಿನಲ್ಲೇ ಅವನು ಸ್ಲಾಬಿನ ಮೇಲೆ ಬಿದ್ದಿದ್ದ. ಹೃದಯ ನಿಂತು ಸಹಜ ಸಾವು ಎಂದು ಬರೆದು ಕಳಿಸಿದರು. ಪೆಟ್ಟಿಗೆಯ ಜೊತೆ ಬಂದಿದ್ದ ಅವನ ಕೋಣೆಯವನೊಬ್ಬ ಅಂಗಳದಲ್ಲಿ ನಿಂತು ಪಿಸುಗುಟ್ಟಿದ್ದ: "ಇಳೀತೇನೆ ಅಂದವನನ್ನು ಇಳಿಯಲು ಬಿಡದ್ದು ಫೋರ್‌ಮ್ಯಾನ್. ನಮ್ಮವರೇ. ಗಿರಿಯಪ್ಪ."

ಅಜ್ಜಿ ಕೇಳಿದ್ದು ಒಂದು ಮಾತನ್ನು ಮಾತ್ರ. ಉಳಿದದ್ದನ್ನು ಯಶ್ಮಿತಾ ತಾನೇ ಸೇರಿಸಿಕೊಂಡಳು.

ಗಿರಿಯಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿನವರ ಸಂಘದಲ್ಲಿ ಅವನಿಲ್ಲದೆ ಪೂಜೆಯಿಲ್ಲ, ಊಟದ ಪಂಕ್ತಿಯಿಲ್ಲ. ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಹೊರಟ ಅವನಿಗೆ ಸಂಘದವರು ಒಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಎಲ್ಲರೂ ಅವನನ್ನು ಕಿಚಾಯಿಸುತ್ತಿದ್ದರು.

"ಮೂವತ್ತು ವರ್ಷ ಕತಾರಿನಲ್ಲಿದ್ದು ಎಂತ ನೋಡಿದ್ರಿ ಗಿರಿಯಪ್ಪಣ್ಣ?"

"ಎಂತ ನೋಡುದು ಮಾರಾಯ. ಕ್ಯಾಂಪು, ಬಸ್ಸು, ಸೈಟು. ರಜೆ ಬಂದರೆ ಏರ್‌ಪೋರ್ಟು."

"ಊರಲ್ಲಿ ಮೊಮ್ಮಕ್ಕಳು ಕೇಳಿದ್ರೆ?"

"ಸಿಮೆಂಟ್ ನೋಡಿದ್ದೇನೆ ಅಂತ ಹೇಳುದು. ಸುಳ್ಳಲ್ಲವಲ್ಲ."

ನಗುವಿನ ನಡುವೆ ಯಶ್ಮಿತಾ ಪಾಯಸದ ಲೋಟ ಹಿಡಿದು ಮುಂದೆ ಬಂದಳು. "ನಾನು ತೋರಿಸ್ತೇನೆ. ಶುಕ್ರವಾರ ಒಂದಿಡೀ ದಿನ, ಗಾಡಿಯಲ್ಲಿ ನೀವೊಬ್ಬರೇ. ನನ್ನ ಲೆಕ್ಕದ ಗಿಫ್ಟು."

"ಹೋಗು ಮಗಾ, ಈ ಆಗಸ್ಟಿನಲ್ಲಿ ಕತ್ತೆ ಸಹ ಹೊರಗೆ ಕಾಲಿಡುದಿಲ್ಲ."

"ನಿಮಗೆ ಬಿಸಿಲು ಹೊಸತಾ ಗಿರಿಯಪ್ಪಣ್ಣ?"

ಅವನು ಎದೆ ತಟ್ಟಿಕೊಂಡ. "ಅದು ಹೌದು. ನಾನು ಬಿಸಿಲನ್ನೇ ಉಂಡವ."

ಯೋಜನೆಯನ್ನು ಅವಳು ಅಜ್ಜಿ ಮಲ್ಲಿಗೆ ಕಟ್ಟುವಂತೆ ಕಟ್ಟಿದ್ದಳು. ಒಂದು ಗಂಟು ಬಿಗಿಯಾದ ಮೇಲೆ ಇನ್ನೊಂದು. ಬೆಳಿಗ್ಗೆ ಜುಬಾರಾ ಕೋಟೆ. ಅಲ್ಲಿಂದ ಹೆದ್ದಾರಿ ಬಿಟ್ಟು ಬಹುದೂರದಲ್ಲಿ, ಮೀನುಗಾರರು ಎಂದೋ ತೊರೆದುಹೋದ ಒಂದು ಹಳ್ಳಿ. ಮಾಡು ಬಿದ್ದು ಗೋಡೆಯಷ್ಟೇ ಉಳಿದ ಮನೆಗಳು, ಒಂದು ಮಸೀದಿ, ಅದರಾಚೆ ಆಳವಿಲ್ಲದ ಕಡಲು. ಚಳಿಗಾಲದಲ್ಲಿ ಅಲ್ಲಿಗೆ ಪ್ರವಾಸಿಗಳು ಬರುತ್ತಾರೆ. ಆಗಸ್ಟಿನ ಶುಕ್ರವಾರ ನರಪಿಳ್ಳೆ ಇರುವುದಿಲ್ಲ. ಹಳ್ಳಿಯ ಪಕ್ಕದಲ್ಲೇ ಸಬ್ಖಾ, ಅಂದರೆ ಉಪ್ಪಿನ ಬಯಲು. ಮೇಲೆ ಹಪ್ಪಳದಂತೆ ಗರಿಯಾದ ಪದರ, ಅದರ ಕೆಳಗೆ ಕೆಸರು. ದಾರಿ ತಪ್ಪಿದ ಗಾಡಿ ಅಲ್ಲಿ ಚಕ್ರದ ಮಟ್ಟಕ್ಕೆ ಹೂತುಹೋಗುವುದು ಹೊಸ ಸಂಗತಿಯೇನಲ್ಲ.

ಗಾಡಿಯ ಪೆಟ್ರೋಲ್ ಮುಳ್ಳು ಸರಿಯಿಲ್ಲವೆಂದು ಅವಳು ಟೂರ್ ಕಂಪೆನಿಯ ಮಾಲಕ ಉಮರ್‌ಗೆ ಮೊದಲೇ ದೂರು ಹೇಳಿದ್ದಳು. ಟ್ಯಾಂಕಿನಲ್ಲಿ ಎಷ್ಟಿದೆಯೆಂದು ಅವಳಿಗೆ ಮಾತ್ರ ಗೊತ್ತಿತ್ತು. ನೀರು ತುಂಬಿದ ಐಸ್ ಬಾಕ್ಸು ಆಫೀಸಿನ ಬಾಗಿಲಲ್ಲೇ ಉಳಿಯಬೇಕಿತ್ತು. ಅದನ್ನು ಮರೆತದ್ದು ತನ್ನ ತಪ್ಪೆಂದು ಆಮೇಲೆ ಎದೆ ಬಡಿದುಕೊಂಡು ಅತ್ತರಾಯಿತು. ತಪ್ಪು ಒಪ್ಪಿಕೊಂಡು ಅಳುವವಳನ್ನು ಯಾರೂ ಕೊಲೆಗಾತಿ ಎನ್ನುವುದಿಲ್ಲ. ಹೆಚ್ಚೆಂದರೆ ಕೆಲಸ ಹೋಗುತ್ತದೆ. ಸೂರ್ಯಾಸ್ತ ನೋಡಿ, ಅಲ್ ಖೋರ್‌ನಲ್ಲಿ ಊಟ ಮುಗಿಸಿ ಬರುತ್ತೇವೆ, ಕಾಯಬೇಡಿ ಎಂದು ಉಮರ್‌ಗೆ ಹೇಳಿಯಾಗಿತ್ತು. ರಾತ್ರಿ ಅವನು ಅಲ್ ಅಜೀಜಿಯಾದ ಮನೆಯಿಂದ ಫೋನು ಮಾಡುತ್ತಾನೆ, ಗಾಬರಿಯಾಗುತ್ತಾನೆ, ಜನ ಹುಡುಕಿಕೊಂಡು ಬರುತ್ತಾರೆ. ಒಬ್ಬನ ಹೃದಯ ಸಹಜವಾಗಿ ನಿಂತಿರುತ್ತದೆ. ಪಕ್ಕದಲ್ಲೊಬ್ಬಳು ಹುಡುಗಿ, ಒಣಗಿದ ತುಟಿ, ಅರೆಜೀವ.

ಆ ತುಟಿ ಸುಳ್ಳಾಗಿರಬಾರದು. ಆಸ್ಪತ್ರೆಯವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಹಾಗಾಗಿ ಅವಳು ಗುರುವಾರ ಸಂಜೆಯಿಂದಲೇ ನೀರು ಮುಟ್ಟಲಿಲ್ಲ. ಬದುಕಲು ಬೇಕಾದಷ್ಟು ನೀರನ್ನು ಬುಧವಾರವೇ ಹೋಗಿ ಹಳ್ಳಿಯಲ್ಲಿ ಇಟ್ಟು ಬಂದಿದ್ದಳು. ಮಸೀದಿಯ ಹಿಂದಿನ ಮನೆಯ ಗೋಡೆಗೂಡಿನಲ್ಲಿ, ಹರಿದ ಸಿಮೆಂಟು ಚೀಲದೊಳಗೆ ಬಾಟಲಿಗಳು, ಮೇಲೆ ತುಕ್ಕು ಹಿಡಿದ ಡಬ್ಬಿ, ಬಲೆಯ ತುಂಡು. ಯಾರ ಕಣ್ಣಿಗೆ ಬಿದ್ದರೂ ಕಸ ಎನಿಸಬೇಕು. ಕಸವನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ದೂರ ನಿಂತು ನೋಡಿದಾಗ ಆ ಕಸದ ಅಂದಕ್ಕೆ ಅವಳಿಗೇ ಸಣ್ಣ ಹೆಮ್ಮೆಯಾಗಿತ್ತು.

ಶುಕ್ರವಾರ ಗಿರಿಯಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಬನ್ಸ್ ಕಟ್ಟಿಸಿಕೊಂಡು ಬಂದಿದ್ದ. ಕೈಯಲ್ಲಿ ಮಾತ್ರೆಗೆಂದು ಒಂದು ಸಣ್ಣ ಬಾಟಲಿ ನೀರು. ಅದನ್ನು ಕಂಡು ಯಶ್ಮಿತಾ ಮನಸ್ಸಿನಲ್ಲೇ ಒಂದು ಗಂಟನ್ನು ಸಡಿಲಿಸಿ ಮತ್ತೆ ಬಿಗಿದಳು. ಅಷ್ಟರಿಂದ ಏನೂ ಆಗದು.

ಕೋಟೆಯಲ್ಲಿ ಅವನು ಅವಳ ಕತೆಗಿಂತ ಗೋಡೆಯನ್ನೇ ಹೆಚ್ಚು ಆಲಿಸಿದ. ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ. "ಕಡಲ ಕಲ್ಲು, ನಡುವೆ ಮಣ್ಣು. ಒಳ್ಳೆ ಕೈ. ಮೇಸ್ತ್ರಿ ಯಾರಂತೆ?"

"ಹೆಸರು ಬರೆದಿಟ್ಟಿಲ್ಲ."

"ಅದನ್ನು ಯಾರು ಬರೀತಾರೆ ಮಗಾ," ಎಂದು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ. ಕತೆಯ ರಕ್ಕಸನಿಗೆ ಇಷ್ಟು ಸಾದಾ ನಗು ಇರಬಾರದಿತ್ತು.

ಗಾಡಿ ಹೂತದ್ದು ಅವಳು ಎಣಿಸಿದ ಜಾಗದಲ್ಲೇ, ಹಳ್ಳಿಯ ಪಕ್ಕದ ಉಪ್ಪಿನ ಬಯಲಿನಲ್ಲಿ. ಎರಡು ಸಲ ಜೋರಾಗಿ ಆಕ್ಸಿಲರೇಟರ್ ಒತ್ತಿದಳು, ಇನ್ನೂ ಆಳಕ್ಕಿಳಿಯಿತು. ಸ್ವಲ್ಪ ಹೊತ್ತು ಉರಿದ ಇಂಜಿನ್ ಪೆಟ್ರೋಲ್ ತೀರಿ ಕೆಮ್ಮಿ ನಿಂತಿತು. ಏಸಿ ನಿಂತ ಕೂಡಲೇ ಗಾಡಿಯೊಳಗಿನ ಗಾಳಿ ಒಲೆಯಂತಾಯಿತು.

"ಅಯ್ಯೋ, ಐಸ್ ಬಾಕ್ಸು!" ಎಂದು ಅವಳು ಬಾಯಿಗೆ ಕೈಯಿಟ್ಟುಕೊಂಡಳು.

"ಹೋಗ್ಲಿ ಬಿಡು, ಹೆದರಬೇಡ. ಫೋನು ಮಾಡುವಾ."

"ಇಲ್ಲಿ ಸಿಗ್ನಲ್ ಮಾಫಿ ಗಿರಿಯಪ್ಪಣ್ಣ, ಇಲ್ಲವೇ ಇಲ್ಲ. ಕಡಲ ಬದಿಯಲ್ಲಿ ಸಿಗ್ತದೆ. ನಿಮ್ಮದೂ ಕೊಡಿ, ಎರಡರಲ್ಲೂ ನೋಡ್ತೇನೆ."

ಅವನು ಕೊಟ್ಟ. ಅವಳು ನೀರಿಗಿಳಿದು ಮೊಣಕಾಲ ಮಟ್ಟಕ್ಕೆ ನಡೆದಳು, ಕಾಲು ಜಾರಿದಂತೆ ಬಿದ್ದಳು. ಎರಡು ಫೋನೂ ಕೆಸರಿನ ಪಾಲಾದವು. ತೊಯ್ದು ಅಳುತ್ತ ಬಂದವಳ ತಲೆ ಸವರಿ ಅವನು, "ಖಲಾಸ್, ಅಳಬೇಡ. ರಾತ್ರಿಗೆ ಹೇಗೂ ಬರ್ತಾರಲ್ಲ" ಎಂದ. ಗಂಟುಗಳೆಲ್ಲ ಬಿದ್ದಿದ್ದವು. ಇನ್ನು ಉಳಿದದ್ದು ಸೂರ್ಯನ ಕೆಲಸ.

ಮಾಡು ಇಲ್ಲದ ಒಂದು ಕೋಣೆಯಲ್ಲಿ ಗೋಡೆಗೆ ಒರಗಿ ಕೂತರು. ನೆತ್ತಿಯ ಸೂರ್ಯನಿಗೆ ಗೋಡೆಯ ನೆರಳು ಅಂಗೈಯಷ್ಟು. ಅವನು ಮೊದಮೊದಲು ಮಾತಾಡಿದ, ಊರಲ್ಲಿ ಕಟ್ಟಿದ ಮನೆಯ ಬಗ್ಗೆ, ತಾನು ಅಲ್ಲಿ ಒಂದೇ ಸಮನೆ ಎರಡು ತಿಂಗಳಿಗಿಂತ ಹೆಚ್ಚು ಮಲಗಿಲ್ಲವೆಂಬ ಬಗ್ಗೆ. ಆಮೇಲೆ ಮಾತು ತೊದಲಿತು. ಅಂಗಿ ಒಣಗಿ ಬೆವರು ಬರುವುದು ನಿಂತಿತು. ಅದರ ಅರ್ಥ ಅವಳಿಗೆ ಗೊತ್ತಿತ್ತು. ಪ್ರವಾಸಿಗಳಿಗೆ ಇಂಥ ಲಕ್ಷಣಗಳನ್ನು ವಿವರಿಸುವುದೂ ಅವಳ ಕೆಲಸವೇ.

ಅವನು ಸಣ್ಣ ಬಾಟಲಿಯನ್ನು ಎತ್ತಿ ನೋಡಿದ. ತಳದಲ್ಲಿ ಎರಡು ಗುಟುಕು ಇತ್ತು. ಅದನ್ನು ಅವಳತ್ತ ಚಾಚಿದ.

"ಕುಡಿ."

"ನಿಮಗೆ?"

"ನೀನು ಸಣ್ಣವಳು. ಹಟ ಮಾಡಬೇಡ, ಕುಡಿ."

ಅವಳು ತಿರುಗಿ ಕೂತು ಬಾಟಲಿಯನ್ನು ಬಾಯಿಗೆ ಹತ್ತಿರ ಹಿಡಿದಳು. ನಾಲಗೆ ಒಳಗೆ ಕಲ್ಲಿನಂತಿತ್ತು. ಇವನ ಕೈಯ ನೀರು ಕುಡಿದರೆ ತಾನು ಇದನ್ನು ಮುಗಿಸಲಾರೆನೆಂದು ಅವಳಿಗೆ ಹೊಳೆಯಿತು. ಗುಟುಕಿನ ಸದ್ದು ಮಾಡಿ, ನೀರನ್ನು ಮರಳಿಗೆ ಸುರಿದಳು. ಮರಳು ಅದನ್ನು ಕ್ಷಣದಲ್ಲಿ ನುಂಗಿ ಮತ್ತೆ ಬೆಳ್ಳಗಾಯಿತು.

ಈಗ ಕೇಳಬಹುದಿತ್ತು.

"ಗಿರಿಯಪ್ಪಣ್ಣ, ಶರಣ್ ನೆನಪುಂಟಾ? ಮೂಲ್ಕಿಯವ. ಸೆಂಟ್ರಿಂಗ್."

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಕಣ್ಣು ಕೆಂಪಾಗಿತ್ತು, ಆದರೆ ಬುದ್ಧಿ ಇನ್ನೂ ಇತ್ತು. "ಹುಬ್ಬು," ಎಂದ. "ಅವನದೇ ಹುಬ್ಬು. ಬೆಳಿಗ್ಗೆಯಿಂದ ಯೋಚಿಸ್ತಾ ಇದ್ದೆ, ಎಲ್ಲಿ ನೋಡಿದ್ದು ಅಂತ."

"ಅವ ಕೊನೆಗೆ ಎಂತ ಹೇಳಿದ?"

"ತಂಗಿಯಾ?"

"ಎಂತ ಹೇಳಿದ?"

ಅವನ ಕಣ್ಣು ಗಾಡಿಯತ್ತ, ಕಡಲಿನತ್ತ, ಮರಳಿನ ಮೇಲಿದ್ದ ಖಾಲಿ ಬಾಟಲಿಯತ್ತ ಹೋಯಿತು. ಎಲ್ಲ ಅರ್ಥವಾಯಿತೆಂದು ಅವಳಿಗೆ ತಿಳಿಯಿತು. ಅವನು ಕೂಗಾಡಲಿಲ್ಲ. "ಸ್ಲಾಬ್ ಅರ್ಧಕ್ಕೆ ನಿಲ್ಲಿಸಿದ್ರೆ ಇಂಜಿನಿಯರ್ ನನ್ನನ್ನು ಊರಿಗೆ ಕಳಿಸ್ತಿದ್ದ. ನಾನೇ ತಡೆದದ್ದು. ಸುಳ್ಳು ಹೇಳುದಿಲ್ಲ," ಎಂದ. ಉಸಿರು ಎಳೆದುಕೊಂಡ. "ಅವ ನೀರು ಕೇಳ್ಲಿಲ್ಲ. ಇವತ್ತು ಶುಕ್ರವಾರ, ರಜೆ ಅಲ್ವಾ ಅಣ್ಣಾ, ಅಜ್ಜಿಗೆ ಫೋನು ಮಾಡ್ಲಿಕ್ಕುಂಟು, ಕತೆ ಅರ್ಧಕ್ಕೆ ನಿಂತಿದೆ ಅಂದ. ಮುಗಿಸಿ ಹೋಗು ಅಂದೆ. ನಗಾಡಿದ. ಅಷ್ಟೆ."

ಆ ಮಾತು ಅವಳೊಳಗೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು. ಅಜ್ಜಿ ವಾರವಾರ ಫೋನಿನಲ್ಲಿ ಶರಣ್‌ಗೆ ಒಂದೇ ಕತೆಯನ್ನು ಕಂತುಕಂತಾಗಿ ಹೇಳುತ್ತಿದ್ದಳು. ಆ ಕತೆಯನ್ನು ಆಮೇಲೆ ಯಾರಿಗೂ ಹೇಳಲೇ ಇಲ್ಲ.

ಗಿರಿಯಪ್ಪ ಗೋಡೆಗೆ ಪೂರ್ತಿ ಒರಗಿದ. ಒಮ್ಮೆ ಯಾರನ್ನೋ ಹೆಸರು ಹಿಡಿದು ಕರೆದ, ಹೆಂಡತಿಯಿರಬೇಕು. ತಲೆ ಭುಜಕ್ಕೆ ವಾಲಿತು. ಬಿಳಿ ಅಂಗಿಯ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಇಳಿದದ್ದು ಏಳಲಿಲ್ಲ. ಯಶ್ಮಿತಾ ಅವನ ಕಣ್ಣು ಮುಚ್ಚಲಿಲ್ಲ, ಹಾಗೆ ಬಿಡುವುದು ಯೋಜನೆಯಲ್ಲಿತ್ತು. ಮಾತು ಸಿಕ್ಕಿತು ಅಜ್ಜಿ, ಎಂದು ತುಟಿಯಲ್ಲೇ ಹೇಳಿಕೊಂಡಳು. ಕಡಲಾಚೆಗೆ ಬಂದ ಕೆಲಸ ಮುಗಿದಿತ್ತು. ಗೋಡೆ ಹಿಡಿದು ಎದ್ದು, ಕಣ್ಣಿಗೆ ಕತ್ತಲೆ ಕಟ್ಟಿದಾಗ ನಿಂತು, ಮತ್ತೆ ನಡೆದು, ಮಸೀದಿಯನ್ನು ಬಳಸಿ ಹಿಂದಿನ ಮನೆಗೆ ಹೋದಳು. ಸೂರ್ಯ ಮುಳುಗಲು, ಯಾರಾದರೂ ಹುಡುಕಿ ಬರಲು ಇನ್ನೂ ಬಹಳ ಹೊತ್ತಿತ್ತು.

ಗೂಡು ಇತ್ತು. ಚೀಲ ಇರಲಿಲ್ಲ. ತುಕ್ಕಿನ ಡಬ್ಬಿ ಇರಲಿಲ್ಲ, ಬಲೆಯ ತುಂಡೂ ಇರಲಿಲ್ಲ. ಅವಳು ಪಕ್ಕದ ಮನೆಗೆ ಹೋಗಿ ನೋಡಿದಳು, ತಿರುಗಿ ಬಂದು ಅದೇ ಗೂಡಿಗೆ ಮೊಣಕೈವರೆಗೆ ಕೈ ಹಾಕಿ ತಡಕಿದಳು. ಬೆರಳಿಗೆ ಬಿಸಿ ಕಲ್ಲು ಸಿಕ್ಕಿತು. ಆಗ ನೆಲ ಕಾಣಿಸಿತು. ಮೂಲೆಯಿಂದ ಬಾಗಿಲವರೆಗೆ ಪೊರಕೆಯ ಗೆರೆಗಳು ಅಚ್ಚುಕಟ್ಟಾಗಿ ಎಳೆದುಕೊಂಡಿದ್ದವು; ಅವುಗಳ ಅಂಚಿನಲ್ಲಿ ಇಬ್ಬರ ಬೂಟಿನ ಗುರುತು, ಹೊರಗೆ ಪಿಕಪ್ಪು ತಿರುಗಿದ ಗುರುತು. ಜನ ಬಿಟ್ಟುಹೋದ ಊರಲ್ಲೂ ಒಂದು ಕಾಗದದ ಚೂರು ಸಿಗುವುದಿಲ್ಲ ನೋಡಿ ಎಂದು ಅವಳು ಇಲ್ಲಿಗೆ ಕರೆತಂದ ಪ್ರತಿ ಪ್ರವಾಸಿಗೂ ಹೇಳುತ್ತಿದ್ದಳು. ಯಾರು ಗುಡಿಸುತ್ತಾರೆಂದು ಅವರು ಕೇಳಿರಲಿಲ್ಲ, ಅವಳಿಗೂ ಕೇಳಬೇಕೆನಿಸಿರಲಿಲ್ಲ. ವಾರದ ರಜೆಗೆ ಮುಂಚೆ, ಗುರುವಾರ, ಬಿಸಿಲೇರುವ ಮೊದಲೇ ಗುಡಿಸುವವರು ಬಂದಿದ್ದರು. ಬುಧವಾರ ಅವಳು ಅಷ್ಟು ಜಾಗ್ರತೆಯಿಂದ ಕಸ ಮಾಡಿಟ್ಟಿದ್ದನ್ನು ಅಷ್ಟೇ ಜಾಗ್ರತೆಯಿಂದ ಹೆಕ್ಕಿಕೊಂಡು ಹೋಗಿದ್ದರು.